ಮೂಲದಲ್ಲಿಲ್ಲದ ನಲವತ್ತೊಂದು ವಾಕ್ಯಗಳು

ಅಣ್ಣ ಜರ್ಮನ್ ಮೇಷ್ಟ್ರು. ಭಾಷಾ ಸಂಸ್ಥೆಯ ಎರಡನೆಯ ಮಹಡಿಯಲ್ಲಿ, ಬಸ್ಸುಗಳ ಸದ್ದು ನೇರವಾಗಿ ಒಳಗೆ ನುಗ್ಗುವ ಕೋಣೆಯಲ್ಲಿ, ಮೂವತ್ತೊಂದು ವರ್ಷ ಪಾಠ ಹೇಳಿದ. ನರ್ಸುಗಳು, ಯಂತ್ರದ ಕೆಲಸ ಕಲಿಯಲು ಹೊರಟವರು, ಆ ದೇಶದವರನ್ನು ಮದುವೆಯಾದವರು ಅವನ ಮುಂದೆ ಕೂತು ಜರ್ಮನ್ ವ್ಯಾಕರಣದಲ್ಲಿ ಮೇಜು ಗಂಡೋ ಹೆಣ್ಣೋ ಎಂದು ಬಾಯಿಪಾಠ ಮಾಡಿದರು. ಅವರಿಗೆಲ್ಲ ಬೇಕಿದ್ದದ್ದು ಟಿಕೆಟ್ ಕೊಳ್ಳುವಷ್ಟು, ಬಾಡಿಗೆ ಮನೆ ಹುಡುಕುವಷ್ಟು ಜರ್ಮನ್. ಅಷ್ಟನ್ನು ಅವನು ಬೇಸರವಿಲ್ಲದೆ ಕಲಿಸಿದ. ಆದರೆ ಅವನ ಜೀವ ಇದ್ದದ್ದು ಒಂದು ಪುಸ್ತಕದಲ್ಲಿ.

ಅದನ್ನು ಬರೆದವನು ನೂರೈವತ್ತು ವರ್ಷ ಹಿಂದಿನ ಒಬ್ಬ ತತ್ತ್ವಜ್ಞಾನಿ. ಸಣ್ಣ ಊರೊಂದರ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳಿಕೊಂಡಿದ್ದು, ಬದುಕಿಡೀ ಒಂದೇ ಪುಸ್ತಕ ಬರೆದು ತೀರಿಕೊಂಡವನು. ಒಬ್ಬರ ನೋವು ಇನ್ನೊಬ್ಬರಿಗೆ ಗೊತ್ತಾಗುವುದು ಹೇಗೆ? ಅವನ ಪ್ರಶ್ನೆ ಇದೊಂದೇ. ಆ ಒಂದು ಪ್ರಶ್ನೆಗೆ ಆರುನೂರ ಹನ್ನೆರಡು ಪುಟ. ಇಂಗ್ಲಿಷ್ ಓದುಗರಿಗೆ ಅವನು ಬೇರೆಯವರ ಪುಸ್ತಕಗಳ ಅಡಿಟಿಪ್ಪಣಿಯಲ್ಲಿ ಮಾತ್ರ ಸಿಗುತ್ತಿದ್ದ. ಅವನನ್ನು ಅಡಿಟಿಪ್ಪಣಿಯಿಂದ ಎಬ್ಬಿಸಿ ಇಂಗ್ಲಿಷಿನಲ್ಲಿ ನೆಟ್ಟಗೆ ಕೂರಿಸಬೇಕು ಎಂದು ಅಣ್ಣ ನಲವತ್ತೈದನೆಯ ವಯಸ್ಸಿನಲ್ಲಿ ಹಟ ತೊಟ್ಟ.

ಮನೆಯಲ್ಲಿ ಆ ತತ್ತ್ವಜ್ಞಾನಿಗೆ ‘ಅಜ್ಜ’ ಎಂದೇ ಹೆಸರು. ಅತ್ತಿಗೆ ಮಾತ್ರ ಬೇರೆ ಹೆಸರಿಟ್ಟಿದ್ದಳು.

‘ನನಗೆ ಸವತಿ ಅವನು. ಗಡ್ಡ ಬಿಟ್ಟ ಸವತಿ. ಬೆಳಗ್ಗೆ ಎದ್ದರೆ ಅವನ ಮುಖಾನೇ ನೋಡ್ತಾರೆ ಇವರು’ ಎಂದು ಬಂದವರ ಮುಂದೆ ಹೇಳಿ ನಗುತ್ತಿದ್ದಳು. ಅತ್ತಿಗೆ ಮಕ್ಕಳ ಆಸ್ಪತ್ರೆಯೊಂದರಲ್ಲಿ ಕಡತಗಳ ವಿಭಾಗ ನೋಡಿಕೊಳ್ಳುತ್ತಿದ್ದವಳು. ಜರ್ಮನ್ ಒಂದಕ್ಷರ ಬಾರದು. ಆದರೂ ಆ ಪುಸ್ತಕದ ಸಂಗತಿ ಅವಳಿಗೆ ತಿಳಿಯದ್ದು ಇರಲಿಲ್ಲ. ಊಟಕ್ಕೆ ಕೂತಾಗಲೆಲ್ಲ ಅದೇ ಮಾತು.

ಅಣ್ಣನ ಕೆಲಸಕ್ಕೆ ಬೆನ್ನೆಲುಬಾಗಿ ಇದ್ದವಳು ತಂಗಿ. ಅಣ್ಣನಿಗಿಂತ ಎಂಟು ವರ್ಷ ಚಿಕ್ಕವಳು, ಮದುವೆಯ ಗೋಜಿಗೆ ಹೋದವಳಲ್ಲ. ಕಾನೂನು ಪುಸ್ತಕಗಳನ್ನು ಅಚ್ಚು ಹಾಕುವ ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದುವ ಕೆಲಸ. ಇಲ್ಲದ ಅಲ್ಪವಿರಾಮವನ್ನು ಮೂರು ಪುಟದಾಚೆಯಿಂದ ವಾಸನೆ ಹಿಡಿಯುತ್ತಾಳೆ ಎಂದು ಅಲ್ಲಿಯವರೆಲ್ಲ ಅವಳನ್ನು ‘ಅಲ್ಪವಿರಾಮ ಮೇಡಂ’ ಎನ್ನುತ್ತಿದ್ದರು. ಪ್ರೆಸ್ ಮುಗಿಸಿಕೊಂಡು ಸಂಜೆ ಅಣ್ಣನ ತರಗತಿಯ ಕೊನೆಯ ಬೆಂಚಿನಲ್ಲಿ ನಾಲ್ಕು ವರ್ಷ ಕೂತು ಜರ್ಮನ್ ಕಲಿತಿದ್ದಳು. ಮಾತಾಡಲು ಬರುತ್ತಿರಲಿಲ್ಲ, ಆದರೆ ಸಾಲಿಗೆ ಸಾಲು ಹಿಡಿದು ತಾಳೆ ನೋಡಲು ಬರುತ್ತಿತ್ತು. ಅಣ್ಣ ಅನುವಾದಿಸಿದ ಹಾಳೆಗಳು ಅವಳ ಬಳಿ ಬರುತ್ತಿದ್ದವು. ಅವಳು ಮೂಲ ಪಕ್ಕದಲ್ಲಿಟ್ಟುಕೊಂಡು ಒಂದೂ ವಾಕ್ಯ ಬಿಡದೆ ನೋಡಿ ಹಿಂತಿರುಗಿಸುತ್ತಿದ್ದಳು.

‘ಅಜ್ಜ ನಮ್ಮ ಹಾಗೇ ಕಣೇ ಪುಟ್ಟಿ, ಕ್ರಿಯಾಪದನ ಕೊನೆವರೆಗೂ ಬಚ್ಚಿಟ್ಕೋತಾನೆ. ನಮಗೆ ಅಭ್ಯಾಸ ಇದೆ, ಕಾಯ್ತೀವಿ. ಇಂಗ್ಲಿಷಿನವರಿಗೆ ಆ ತಾಳ್ಮೆ ಎಲ್ಲಿ? ಯಾರು ಏನು ಮಾಡಿದ ಅಂತ ಬಾಗಿಲಲ್ಲೇ ಹೇಳಿಬಿಡಬೇಕು’ ಎನ್ನುತ್ತಿದ್ದ ಅಣ್ಣ.

ಒಂದು ಪದ ಮಾತ್ರ ಅವರಿಬ್ಬರನ್ನೂ ವರ್ಷಗಟ್ಟಲೆ ಕಾಡಿತು. ಗೆಮ್ಯೂಟ್ ಎಂಬ ಪದ. ಇನ್ನೊಬ್ಬರ ನೋವು ತಿಳಿಯುವುದು ಬುದ್ಧಿಗೂ ಅಲ್ಲ, ಬರೀ ಭಾವನೆಗೂ ಅಲ್ಲ, ಗೆಮ್ಯೂಟ್‌ಗೆ ಎನ್ನುತ್ತಾನೆ ಅಜ್ಜ. ಇಂಗ್ಲಿಷಿನಲ್ಲಿ ಮೈಂಡ್ ಎಂದರೆ ಅರ್ಧ ಹೋಯಿತು, ಹಾರ್ಟ್ ಎಂದರೆ ಇನ್ನರ್ಧ.

‘ಹಾರ್ಟ್ ಅಂತ ಹಾಕಿದರೆ ಓದೋರು ಡಾಕ್ಟರ ಹತ್ರ ಓಡ್ತಾರೆ’ ಎಂದಳು ತಂಗಿ.

‘ಮೈಂಡ್ ಅಂದರೆ ಪರೀಕ್ಷೆಗೆ ಓಡ್ತಾರೆ’ ಎಂದ ಅಣ್ಣ.

ಅತ್ತಿಗೆ ತಟ್ಟೆ ತೊಳೆಯುತ್ತ ಒಳಗಿಂದಲೇ ಕೂಗಿದಳು. ‘ನೀವು ಹೇಳೋದು ಕೇಳಿದರೆ ಅದು ಮನಸ್ಸು ಅಲ್ವೇನ್ರೀ? ಮನಸ್ಸು ಅಂತ್ಲೇ ಹಾಕಿ ಬಿಡಿ. ಇಂಗ್ಲಿಷಿನವರೂ ಒಂದು ಪದ ಕಲೀಲಿ, ಏನೀಗ?’

ಮೂವರೂ ನಕ್ಕಿದ್ದರು. ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಮನಸ್ಸು ಮಾಡುವುದು, ಮನಸ್ಸಿಗೆ ಹಚ್ಚಿಕೊಳ್ಳುವುದು, ಮನಸ್ಸು ಬಾರದೆ ಇರುವುದು, ಎಲ್ಲವನ್ನೂ ಹೊರುವ ಪದ ಅವರ ಬಾಯಲ್ಲೇ ಇತ್ತು. ಅದು ಬೇಕಿದ್ದ ಭಾಷೆಯಲ್ಲಿ ಇರಲಿಲ್ಲ, ಅಷ್ಟೆ.

ಹನ್ನೊಂದನೆಯ ವರ್ಷ, ಪುಸ್ತಕ ಅರ್ಧ ದಾಟಿದಾಗ, ಅತ್ತಿಗೆ ಹಾಸಿಗೆ ಹಿಡಿದಳು. ರಕ್ತದ ಕಾಯಿಲೆ. ಒಂದೂವರೆ ವರ್ಷ ಅಣ್ಣ ಅವಳನ್ನು ಮಗುವಿನ ಹಾಗೆ ನೋಡಿಕೊಂಡ. ಸಂಸ್ಥೆಗೆ ರಜೆ ಹಾಕಿದ. ಅಡುಗೆ ಕಲಿತ, ಕೆಟ್ಟದಾಗಿ. ತಂಗಿ ವಾರಕ್ಕೆ ಮೂರು ದಿನ ಪ್ರೆಸ್ಸಿನಿಂದ ನೇರ ಅಲ್ಲಿಗೇ ಹೋಗುತ್ತಿದ್ದಳು. ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಔಷಧಿ ಸೀಸೆಗಳ ಜೊತೆ ಅಜ್ಜನ ಪುಸ್ತಕವೂ ಇರುತ್ತಿತ್ತು, ಆದರೆ ಅಣ್ಣ ಅದನ್ನು ತೆರೆಯುತ್ತಿರಲಿಲ್ಲ.

‘ನನ್ನ ಸವತಿ ಬಡವಾಗಿದಾನೆ ನೋಡು, ಯಾರೂ ವಿಚಾರಿಸ್ತಾ ಇಲ್ಲ’ ಎಂದಳು ಅತ್ತಿಗೆ ಒಮ್ಮೆ. ಅವಳ ದನಿ ಆಗಲೇ ಬಾವಿಯೊಳಗಿಂದ ಬಂದ ಹಾಗೆ ಆಗಿತ್ತು.

ಒಂದು ಗುರುವಾರ ಬೆಳಗ್ಗೆ ಹತ್ತರ ಹೊತ್ತಿಗೆ ಅವಳು ಹೋದಳು. ಅಣ್ಣ, ತಂಗಿ ಇಬ್ಬರೂ ಹತ್ತಿರ ಇದ್ದರು.

ಹದಿನೈದು ದಿನ ಕಳೆಯುವುದರೊಳಗೆ ಅಣ್ಣ ಮತ್ತೆ ಕೆಲಸಕ್ಕೆ ಕೂತ. ಮೇಜನ್ನು ಅವಳ ಕೋಣೆಗೇ ಎಳೆದುಕೊಂಡಿದ್ದ. ತಂಗಿಗೆ ಸಮಾಧಾನವಾಯಿತು, ಕೈಗೆ ಕೆಲಸ ಇದ್ದರೆ ಮನುಷ್ಯ ಉಳಿಯುತ್ತಾನೆ ಎಂದುಕೊಂಡಳು. ಹಿಂದೆ ತಿಂಗಳಿಗೆ ಎರಡು ಮೂರು ಪುಟ ಆಗುತ್ತಿದ್ದದ್ದು ಈಗ ಇಪ್ಪತ್ತು ಆಗತೊಡಗಿತು. ಗೆಮ್ಯೂಟ್ ಎಂಬ ಪದವನ್ನು ಅನುವಾದಿಸದೆ ಹಾಗೆಯೇ ಬಿಟ್ಟಿದ್ದ. ‘ಅವಳು ಹೇಳಿದ್ದೇ ಸರಿ. ಕಲೀಲಿ’ ಎಂದ. ಎಂಟು ತಿಂಗಳಲ್ಲಿ ದಪ್ಪ ಕಟ್ಟೊಂದು ತಯಾರಾಗಿ ತಂಗಿಯ ಕೈಗೆ ಬಂತು. ಇನ್ನು ಮೂರೇ ಅಧ್ಯಾಯ ಬಾಕಿ. ಒಬ್ಬ ಪ್ರಕಾಶಕರು ಮೊದಲ ಭಾಗ ನೋಡಿ ಒಪ್ಪಿದ್ದರು. ಆಗಲೇ ಪುಸ್ತಕಪಟ್ಟಿಯಲ್ಲಿ ಹೆಸರು ಹಾಕಿದ್ದರು.

ಪ್ರೆಸ್ಸಿನಲ್ಲಿ ಊಟದ ಬಿಡುವಿನಲ್ಲಿ ತಂಗಿ ಹಾಳೆ ತಾಳೆ ನೋಡುತ್ತಿದ್ದಳು. ಮುನ್ನೂರ ಹನ್ನೆರಡನೆಯ ಪುಟಕ್ಕೆ ಬಂದಾಗ ಕೈ ನಿಂತಿತು. ಇಂಗ್ಲಿಷಿನಲ್ಲಿ ಒಂದು ವಾಕ್ಯ ಇತ್ತು. ಅದರ ಅರ್ಥ ಇಷ್ಟು: ರೋಗಿಯ ದಿಂಬನ್ನು ಮಗುಚಿ ಹಾಕುವವನು ತನ್ನ ಕೆನ್ನೆಯನ್ನು ಅದಕ್ಕೆ ಇಟ್ಟು ನೋಡುವ ತನಕ ಯಾವ ಮಗ್ಗುಲು ತಂಪು ಎಂದು ತಿಳಿಯುವುದಿಲ್ಲ.

ಜರ್ಮನಿನಲ್ಲಿ ಅದು ಕಾಣಲಿಲ್ಲ. ತನ್ನ ಕಣ್ಣೇ ತಪ್ಪಿರಬೇಕು ಎಂದು ಮತ್ತೆ ನೋಡಿದಳು. ಹಿಂದಿನ ಪುಟ, ಮುಂದಿನ ಪುಟ, ಅಡಿಟಿಪ್ಪಣಿ. ಎಲ್ಲಿಯೂ ಇಲ್ಲ. ಅಜ್ಜ ಉದಾಹರಣೆ ಕೊಡುವವನೇ ಅಲ್ಲ. ಆರುನೂರು ಪುಟದಲ್ಲಿ ಒಂದು ದಿಂಬು, ಒಂದು ಬಟ್ಟಲು, ಒಂದು ಬಾಗಿಲು ಕೂಡ ಬರುವುದಿಲ್ಲ. ಬೇರೆ ಮುದ್ರಣದಲ್ಲಿ ಇರಬಹುದೇನೋ ಎಂದುಕೊಂಡು ಅಂಚಿನಲ್ಲಿ ಪೆನ್ಸಿಲಿನಿಂದ ಚುಕ್ಕೆ ಇಟ್ಟು ಮುಂದೆ ಹೋದಳು.

ಮುನ್ನೂರ ಹದಿನೆಂಟರಲ್ಲಿ ಇನ್ನೊಂದು. ಹಾಸಿಗೆ ಹಿಡಿದವರಿರುವ ಮನೆಯಲ್ಲಿ ಎರಡು ಗಡಿಯಾರ, ಒಂದು ಗೋಡೆಯ ಮೇಲೆ, ಇನ್ನೊಂದು ಔಷಧಿಯ ಚಮಚದಲ್ಲಿ ಎಂದು. ಮುನ್ನೂರ ಇಪ್ಪತ್ತೆರಡರಲ್ಲಿ ಮತ್ತೊಂದು. ಅವು ಬೇರೆಯಾಗಿ ಎದ್ದು ಕಾಣುತ್ತಿರಲಿಲ್ಲ. ಅಜ್ಜನದೇ ಧಾಟಿ, ಅದೇ ಗಾಂಭೀರ್ಯ. ವಾದ ಎಲ್ಲಿ ಕಠಿಣವಾಗಿ ಓದುಗನ ಉಸಿರು ಕಟ್ಟುತ್ತದೋ ಸರಿಯಾಗಿ ಅಲ್ಲಿ ಒಂದು ಕಿಟಕಿ ತೆರೆದ ಹಾಗೆ ಬಂದು ಕೂತಿದ್ದವು.

ಮುನ್ನೂರ ನಲವತ್ತನೆಯ ಪುಟದಲ್ಲಿ ಹೀಗಿತ್ತು: ಸಾಯುವವಳು ಆತ್ಮದ ಬಗ್ಗೆ ಕೇಳುವುದಿಲ್ಲ, ನಲ್ಲಿ ಸರಿಯಾಗಿ ನಿಲ್ಲಿಸಿದ್ದೀರಾ ಎಂದು ಕೇಳುತ್ತಾಳೆ; ಕೇಳಿಸಿಕೊಂಡವನು ಎದ್ದು ಹೋಗಿ ನಲ್ಲಿ ನೋಡಿ ಬರುತ್ತಾನೆ, ಅವನಿಗೂ ಬೇರೆ ಏನೂ ಹೊಳೆಯುವುದಿಲ್ಲ.

ತಂಗಿ ಹಾಳೆ ಕೆಳಗಿಟ್ಟಳು. ಆ ಗುರುವಾರ ಬೆಳಗ್ಗೆ ಅತ್ತಿಗೆ ಕಣ್ಣು ತೆರೆದು ಕೇಳಿದ್ದು ಅದೇ. ‘ನಲ್ಲಿ ನಿಲ್ಲಿಸಿದ್ರಾ?’ ಅಣ್ಣ ಎದ್ದು ಹೋಗಿ ಬಚ್ಚಲು ನೋಡಿ ಬಂದು ‘ನಿಲ್ಲಿಸಿದೀನಿ’ ಎಂದಿದ್ದ. ಆಮೇಲೆ ಅವಳು ಮಾತಾಡಲಿಲ್ಲ.

ಎದುರು ಮೇಜಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ ಹಿರಿಯ ತಲೆಯೆತ್ತಿ ನೋಡಿದ. ‘ಏನ್ ಮೇಡಂ, ವಾಹನ ಕಾಯ್ದೆ ಓದಿ ಅಳೋರನ್ನ ಇವತ್ತೇ ನೋಡಿದ್ದು.’

‘ಕಣ್ಣಿಗೆ ಏನೋ ಬಿತ್ತು’ ಎಂದಳು.

ಆ ಕಟ್ಟು ಮುಗಿಸಲು ಮೂರು ವಾರ ಹಿಡಿಯಿತು. ಒಟ್ಟು ನಲವತ್ತೊಂದು ವಾಕ್ಯ. ಎಲ್ಲವನ್ನೂ ಪುಟದ ಸಂಖ್ಯೆ ಸಮೇತ ಒಂದು ಹಾಳೆಯಲ್ಲಿ ಗುರುತು ಹಾಕಿಕೊಂಡಳು. ಅಣ್ಣನ ಬಳಿ ಹೇಗೆ ಎತ್ತುವುದು ಎಂದು ತಿಳಿಯದೆ ಇವತ್ತು, ನಾಳೆ ಎಂದು ಮುಂದೂಡುತ್ತಿದ್ದಳು. ಅಷ್ಟರಲ್ಲಿ ಪ್ರಕಾಶಕರ ಫೋನು ಬಂತು. ಅಣ್ಣ ಅವರಿಗೂ ಒಂದು ಪ್ರತಿ ಕಳಿಸಿದ್ದ.

‘ಮೇಡಂ, ನಾನು ಈ ಪುಸ್ತಕ ಗೌರವಕ್ಕೆ ಅಂತ ಒಪ್ಪಿಕೊಂಡಿದ್ದೆ, ನಿಜ ಹೇಳ್ತೀನಿ. ಆದ್ರೆ ಆ ದಿಂಬಿನ ಸಾಲು ಓದಿದ ಮೇಲೆ ಕುರ್ಚಿ ಬಿಟ್ಟು ಏಳಲಿಲ್ಲ. ಎಂಥಾ ಮನುಷ್ಯ ರೀ! ರಕ್ಷಾಪುಟದ ಹಿಂದೆ ಅದೊಂದೇ ಸಾಲು ಹಾಕ್ತೀನಿ. ಬೇರೇನೂ ಬೇಡ.’

‘ಸ್ವಲ್ಪ ತಡೀರಿ, ಒಂದು ಪುಟ ನೋಡೋದಿದೆ’ ಎಂದಷ್ಟೇ ಹೇಳಿದಳು ತಂಗಿ.

ಭಾನುವಾರ ಹನ್ನೊಂದು ಗಂಟೆಗೆ ಅಣ್ಣನ ಮನೆಗೆ ಹೋದಳು. ಅಣ್ಣ ಕಾಫಿ ಮಾಡಿ ತಂದಿಟ್ಟ. ಅವಳು ಮೇಜಿನ ಮೇಲೆ ಅಜ್ಜನ ಪುಸ್ತಕ ತೆರೆದು, ಪಕ್ಕದಲ್ಲಿ ಮುನ್ನೂರ ಹನ್ನೆರಡನೆಯ ಹಾಳೆ ಇಟ್ಟಳು.

‘ಅಣ್ಣ, ಈ ವಾಕ್ಯ ಮೂಲದಲ್ಲಿ ಎಲ್ಲಿದೆ ಅಂತ ತೋರಿಸು.’

‘ವಯಸ್ಸಾಯ್ತು ನಿನಗೂ’ ಎಂದು ನಕ್ಕು ಅಣ್ಣ ಬೆರಳಿಟ್ಟ. ಬೆರಳು ಸಾಲಿನ ಮೇಲೆ ಹೋಯಿತು, ಕೆಳಗಿಳಿಯಿತು, ಪುಟ ತಿರುಗಿಸಿತು, ಹಿಂದಕ್ಕೆ ಬಂತು. ನಗು ಎಲ್ಲಿ ನಿಂತಿತು ಎಂದು ತಂಗಿಗೆ ತಿಳಿಯಲಿಲ್ಲ. ಭೂತಗನ್ನಡಿ ತಂದ. ಕಾಫಿ ಆರಿತು.

‘ಇಲ್ಲೇ ಇತ್ತು ಪುಟ್ಟಿ. ಎಡಗಡೆ ಪುಟ, ಕೆಳಗೆ.’

‘ಇಲ್ಲ ಅಣ್ಣ. ನಾನು ಹತ್ತು ಸಲ ನೋಡಿದೀನಿ.’

‘ಇಲ್ಲ ಅಂದ್ರೆ? ನಾನು ಓದಿದೀನಿ. ತಡಿ.’ ಅವನು ಕಣ್ಣು ಮುಚ್ಚಿ ಆ ವಾಕ್ಯವನ್ನು ಜರ್ಮನಿನಲ್ಲಿ ಹೇಳಿದ. ತಡವರಿಸಲಿಲ್ಲ. ಅಜ್ಜನ ಕಾಲದ ಹಳೆಯ ಕ್ರಿಯಾರೂಪ, ಅಜ್ಜನ ಗತ್ತು, ಕ್ರಿಯಾಪದ ಕೊನೆಯಲ್ಲಿ ಬಂದು ಬಾಗಿಲು ಹಾಕಿಕೊಂಡ ಹಾಗೆ ನಿಂತಿತು. ಎಲ್ಲಿಯೂ ಅಚ್ಚಾಗದ ವಾಕ್ಯವನ್ನು ಅವನು ನೆನಪಿನಿಂದ ಓದುತ್ತಿದ್ದ.

‘ಅಕ್ಷರ ಕಣ್ಣಿಗೆ ಕಟ್ಟಿದ ಹಾಗಿದೆ’ ಎಂದ ಕಣ್ಣು ತೆರೆದು. ಆಮೇಲೆ ಬಹಳ ಮೆಲ್ಲಗೆ, ‘ಹಾಗಾದ್ರೆ ಇದನ್ನ ಯಾರು ಬರೆದ್ರು?’

ಅವಳು ಚೀಲದಿಂದ ಮಡಚಿದ ಹಾಳೆ ತೆಗೆದಳು. ಅವನೇ ಕೇಳಿದ.

‘ಇದೊಂದೇನಾ?’

‘ನಲವತ್ತೊಂದಿದೆ.’

ಅಣ್ಣ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಮೂವತ್ತೊಂದು ವರ್ಷ ವಿದ್ಯಾರ್ಥಿಗಳ ತಪ್ಪು ತಿದ್ದಿದವನು. ‘ನಾನು ಅಜ್ಜನಿಗೆ ಮೋಸ ಮಾಡಿದೆ’ ಎಂದ. ‘ಗೊತ್ತಿದ್ದು ಮಾಡಿದ್ರೆ ಕ್ಷಮೆ ಕೇಳಬಹುದಿತ್ತು. ಗೊತ್ತೇ ಆಗಲಿಲ್ವಲ್ಲ ಪುಟ್ಟಿ.’

ಅವಳು ಒತ್ತಾಯ ಮಾಡಿ ಅವನನ್ನು ವೈದ್ಯರ ಬಳಿ ಕರೆದುಕೊಂಡು ಹೋದಳು. ಮೆದುಳಿನ ಪರೀಕ್ಷೆ ಆಯಿತು, ನೆನಪಿನ ಪರೀಕ್ಷೆ ಆಯಿತು. ಎಲ್ಲ ಸರಿಯಾಗಿತ್ತು. ‘ಹೆಂಡತಿ ಹೋಗಿ ಎಷ್ಟು ದಿನ ಆಯ್ತು?’ ಎಂದು ಕೇಳಿದ ವೈದ್ಯರು, ಉತ್ತರ ಕೇಳಿ, ಚೀಟಿಯಲ್ಲಿ ನಿದ್ದೆಗೊಂದು ಮಾತ್ರೆ ಬರೆದುಕೊಟ್ಟರು. ಅಣ್ಣನಿಗೆ ಅದು ಸಮಾಧಾನ ತರಲಿಲ್ಲ. ಕಾಯಿಲೆ ಎಂದಿದ್ದರೆ ಕಾಯಿಲೆಯ ಮೇಲೆ ಹಾಕಬಹುದಿತ್ತು.

ಮುಂದಿನ ಭಾನುವಾರ ಅವನೇ ಕರೆಸಿದ. ಕಟ್ಟು ಬಿಚ್ಚಿ ಇಟ್ಟುಕೊಂಡು ಕೂತಿದ್ದ, ಕೆಂಪು ಪೆನ್ಸಿಲ್ ಚೂಪು ಮಾಡಿಟ್ಟಿದ್ದ.

‘ನಿಮ್ಮ ಪ್ರೆಸ್ಸಲ್ಲಿ ತೆಗೆದುಹಾಕೋಕೆ ಒಂದು ಗುರುತು ಹಾಕ್ತೀರಲ್ಲ, ಹೇಗದು?’

‘ನಾನು ಹಾಕ್ತೀನಿ ಬಿಡಣ್ಣ.’

‘ಬೇಡ. ನಾನು ಸೇರಿಸಿದ್ದನ್ನ ನಾನೇ ತೆಗೀಬೇಕು. ನೀನು ಪುಟ ಹೇಳು ಸಾಕು.’

ಅವಳು ಗುರುತು ತೋರಿಸಿದಳು: ವಾಕ್ಯದ ಮೇಲೆ ಅಡ್ಡಗೆರೆ, ಅಂಚಿನಲ್ಲಿ ಸುತ್ತಿ ಬಾಲ ಎಳೆದ ಗುಂಡು. ಅವಳು ಪುಟ ಹೇಳುವಳು. ಅವನು ವಾಕ್ಯವನ್ನು ಒಮ್ಮೆ ಮನಸ್ಸಿನಲ್ಲೇ ಓದಿಕೊಳ್ಳುವನು, ಗೆರೆ ಎಳೆಯುವನು. ದಿಂಬು ಹೋಯಿತು. ಚಮಚ ಹೋಯಿತು. ಒಂದೊಂದಕ್ಕೂ ಒಂದೊಂದು ನಿಮಿಷ. ಹೊರಗೆ ಯಾರೋ ಕಂಬಳಿ ಝಾಡಿಸುತ್ತಿದ್ದ ಸದ್ದು ಬರುತ್ತಿತ್ತು. ಒಂದೂವರೆ ವರ್ಷ ಅವನು ನೋಡಿಕೊಂಡ ಹೆಂಡತಿ ಅವನ ಕೈಯಿಂದಲೇ ಪುಟ ಪುಟವಾಗಿ ಎದ್ದು ಹೋಗುತ್ತಿದ್ದಾಳೆ ಎಂದು ತಂಗಿಗೆ ಅನ್ನಿಸಿತು. ಆದರೂ ಅವಳು ಪುಟದ ಸಂಖ್ಯೆ ಹೇಳುತ್ತಲೇ ಹೋದಳು. ಮೂಲದಲ್ಲಿ ಇಲ್ಲದ್ದು ಇಲ್ಲ. ಇಪ್ಪತ್ತಾರು ವರ್ಷ ಅವಳು ಮಾಡಿದ ಕೆಲಸ ಅದೇ.

‘ಮುನ್ನೂರ ನಲವತ್ತು’ ಎಂದಳು.

ಅಣ್ಣ ಓದಿಕೊಂಡ. ಪೆನ್ಸಿಲ್ ಹಾಳೆಯ ಮೇಲೆ ಇಳಿಯಲಿಲ್ಲ. ಬಾಯಿ ತೆರೆಯುವ ಮೊದಲು ಗಂಟಲು ಸರಿಮಾಡಿಕೊಂಡ, ಶಾಲೆಯಲ್ಲಿ ರಜೆ ಕೇಳುವ ಹುಡುಗನ ಹಾಗೆ.

‘ಪುಟ್ಟಿ, ಇದೊಂದು ಇರಲಾ?’

‘ಬೇಡ ಅಣ್ಣ’ ಎಂದಳು.

ತಕ್ಷಣ ಬಂತು ಅದು. ಪ್ರೆಸ್ಸಿನಲ್ಲಿ ಯಾರಾದರೂ ಬಂದು ಈ ತಪ್ಪು ಹೀಗೇ ಹೋಗಲಿ ಎಂದರೆ ಹೇಳುವ ಹಾಗೆ, ತಲೆ ಕೂಡ ಎತ್ತದೆ ಹೇಳಿದಳು.

‘ಸರಿ’ ಎಂದ ಅಣ್ಣ. ಗೆರೆ ಎಳೆದ. ‘ಮುಂದಿನದು?’

ಪ್ರಕಾಶಕರಿಗೆ ಹೇಳಲು ಅವಳು ಅವರ ಕಚೇರಿಗೇ ಹೋದಳು. ಅವರು ಎಲ್ಲ ಕೇಳಿ ಪೇಪರ್‌ವೇಟ್ ಪಕ್ಕಕ್ಕೆ ಸರಿಸಿದರು.

‘ಒಂದು ಮಾತು ಹೇಳ್ಲಾ? ಬಿಟ್ಟುಬಿಡೋಣ. ಎಷ್ಟು ಜನ ಮೂಲ ಇಟ್ಕೊಂಡು ಓದ್ತಾರೆ? ಯಾರು ಕೇಳ್ತಾರೆ? ಆ ಅಜ್ಜ ಎದ್ದು ಬರ್ತಾನಾ?’

‘ನಾನು ಕೇಳ್ತೀನಿ’ ಎಂದಳು ತಂಗಿ.

‘ಅಲ್ಲ ಮೇಡಂ, ಪುಸ್ತಕದಲ್ಲಿ ಜೀವ ಇದ್ದದ್ದೇ ಅಲ್ಲಿ.’

‘ಇರಬಹುದು. ಆ ಜೀವ ಅಜ್ಜಂದಲ್ಲ.’

ಅವರು ಪಟ್ಟು ಬಿಟ್ಟರು. ರಕ್ಷಾಪುಟದ ಹಿಂದಕ್ಕೆ ಬೇರೊಂದು ಸಾಲು ಆರಿಸಿಕೊಟ್ಟಳು. ಅದನ್ನು ಓದಿ ಪ್ರಕಾಶಕರು ಆಕಳಿಕೆ ತಡೆದುಕೊಂಡದ್ದು ಅವಳಿಗೆ ಕಂಡಿತು.

ಬಾಕಿ ಉಳಿದ ಮೂರು ಅಧ್ಯಾಯಗಳನ್ನು ಅಣ್ಣ ಒಬ್ಬನೇ ಮಾಡಲು ಒಪ್ಪಲಿಲ್ಲ. ಅವನ ಮನೆ ಖಾಲಿ ಮಾಡಿಸಿ ತಂಗಿ ತನ್ನ ಮನೆಗೇ ಕರೆದುಕೊಂಡು ಬಂದಳು. ಮುಂದಿನ ಕೋಣೆ ಅವನಿಗಾಯಿತು. ಬೆಳಗ್ಗೆ ಅವಳು ಪ್ರೆಸ್ಸಿಗೆ ಹೋಗುವ ಮೊದಲು ಒಂದು ಗಂಟೆ ಇಬ್ಬರೂ ಕೂರುತ್ತಿದ್ದರು. ಅವನು ಒಂದು ವಾಕ್ಯ ಇಂಗ್ಲಿಷಿನಲ್ಲಿ ಹೇಳುವನು. ಅವಳು ಜರ್ಮನಿನ ಮೇಲೆ ಬೆರಳಿಟ್ಟು ನೋಡುವಳು.

‘ಇದೆಯಾ?’ ಎಂದು ಕೇಳುವನು.

‘ಇದೆ ಅಣ್ಣ.’

ಇನ್ನೊಂದು ವಾಕ್ಯ. ‘ಇದೆಯಾ?’

‘ಇದೆ.’

ಎಷ್ಟೇ ಸಣ್ಣ ವಾಕ್ಯಕ್ಕೂ ಕೇಳುತ್ತಿದ್ದ. ಎಷ್ಟೋ ವಿದ್ಯಾರ್ಥಿಗಳಿಗೆ ಧೈರ್ಯ ಹೇಳಿದ ಮೇಷ್ಟ್ರು ಈಗ ಅಲ್ಲಿ ಇರುವುದನ್ನು ಇದೆ ಎಂದು ನಂಬಲೂ ಇನ್ನೊಬ್ಬರ ಬಾಯಿ ನೋಡಬೇಕಾಯಿತು. ಹೀಗೆ ಕೇಳುತ್ತ, ಹೇಳುತ್ತ ಹದಿನಾಲ್ಕು ತಿಂಗಳಿಗೆ ಪುಸ್ತಕ ಮುಗಿಯಿತು. ಮುಗಿದ ದಿನ ಅಣ್ಣ ಹಾಳೆ ಜೋಡಿಸಿ ದಾರ ಕಟ್ಟಿದ. ಅವಳಿಗೆ ಬಸ್ಸಿಗೆ ಹೊತ್ತಾಗಿತ್ತು.

ಕೊನೆಗೆ ಪದಸೂಚಿ ಉಳಿದಿತ್ತು. ಯಾವ ಪದ ಯಾವ ಪುಟದಲ್ಲಿದೆ ಎಂದು ಅಕ್ಷರದ ಕ್ರಮದಲ್ಲಿ ಜೋಡಿಸುವ ಕೆಲಸ. ಅದನ್ನು ಅಣ್ಣ ಖುಷಿಯಿಂದ ಮಾಡಿದ. ಒಂದೊಂದು ಪದಕ್ಕೆ ಒಂದೊಂದು ಕಾರ್ಡು, ಹಾಸಿಗೆ ಪೂರ್ತಿ ಹರಡಿಕೊಂಡು. ‘ಇದರಲ್ಲಿ ಕೈ ಜಾರೋಕೆ ಜಾಗಾನೇ ಇಲ್ಲ ನೋಡು’ ಎಂದ. ಆ ಒಂದೂವರೆ ತಿಂಗಳು ಅವನು ಸರಿಯಾಗಿ ಊಟ ಮಾಡಿದ, ಎರಡು ಸಲ ತಮಾಷೆಯನ್ನೂ ಮಾಡಿದ. ಗೆಮ್ಯೂಟ್ ಎಂಬ ಕಾರ್ಡಿನ ಮೇಲೆ ಪುಟಸಂಖ್ಯೆಗಳು ಹಿಡಿಸದೆ ಏಳು ಕಾರ್ಡು ಪಿನ್ ಹಾಕಿ ಸೇರಿಸಿದ್ದ.

ಪುಸ್ತಕ ಬಂತು. ಬೂದು ಬಣ್ಣದ ರಕ್ಷಾಪುಟ, ಅಣ್ಣನ ಹೆಸರು, ಅದರ ಕೆಳಗೆ ಅವನ ಹಟಕ್ಕೆ ತಂಗಿಯ ಹೆಸರು. ಒಂದು ಪತ್ರಿಕೆಯಲ್ಲಿ ನಾಲ್ಕು ಸಾಲಿನ ವಿಮರ್ಶೆ ಬಂತು: ಬಹಳ ನಿಷ್ಠೆಯ ಅನುವಾದ, ಆದರೆ ಓದು ಒಣ.

ತಂಗಿ ಅದನ್ನು ಬಚ್ಚಿಡಲು ನೋಡಿದಳು. ಅಣ್ಣ ಕೈಯಿಂದ ಕಿತ್ತುಕೊಂಡು ಓದಿದ.

‘ಸರಿಯಾಗೇ ಬರೆದಿದಾನೆ’ ಎಂದ. ‘ಅಜ್ಜ ಒಣಗೇ ಇದ್ದ. ನಾನು ಮಧ್ಯ ಸ್ವಲ್ಪ ನೀರು ಹಾಕಿದ್ದೆ, ಅಷ್ಟೆ.’

‘ಅವನ್ನೆಲ್ಲ ಸೇರಿಸಿ ನೀನೇ ಒಂದು ಪುಸ್ತಕ ಮಾಡಬಹುದಲ್ಲ ಅಣ್ಣ. ನಿನ್ನ ಹೆಸರಲ್ಲಿ.’ ಬಹಳ ದಿನದಿಂದ ನಾಲಿಗೆಯ ತುದಿಯಲ್ಲಿದ್ದ ಮಾತು ಅದು.

ಅವನು ತಲೆ ಆಡಿಸಿದ. ‘ನನ್ನ ಹೆಸರಲ್ಲಿ ನನಗೆ ಒಂದು ವಾಕ್ಯಾನೂ ಬರಲ್ಲ ಪುಟ್ಟಿ. ಕೂತು ನೋಡಿದೆ. ಅಜ್ಜನ ಹಿಂದೆ ನಿಂತಾಗ ಮಾತ್ರ ಬಂತು.’

ಅದಾದ ಮೇಲೆ ಅವನು ಏನನ್ನೂ ಅನುವಾದಿಸಲಿಲ್ಲ. ಬೆಳಗ್ಗೆ ಪತ್ರಿಕೆ, ಮಧ್ಯಾಹ್ನ ಕಿಟಕಿ. ಎದೆ ನೋವು ಶುರುವಾಯಿತು. ಮೆಟ್ಟಿಲು ಹತ್ತಬಾರದು ಎಂದರು ವೈದ್ಯರು.

ಪುಸ್ತಕ ಬಂದು ವರ್ಷವಾದ ಮೇಲೆ ಒಂದು ಪತ್ರ ಬಂತು, ಬೇರೆ ದೇಶದಿಂದ, ಪ್ರಕಾಶಕರ ವಿಳಾಸಕ್ಕೆ. ಪುಸ್ತಕಕ್ಕೆ ಬಂದ ಒಂದೇ ಒಂದು ಪತ್ರ. ಬರೆದವರು ಒಬ್ಬ ಹೆಂಗಸು. ಗಂಡನಿಗೆ ಲಕ್ವ ಹೊಡೆದು ಆರು ವರ್ಷವಾಗಿದೆ. ಅವರ ಪಕ್ಕ ಕೂತು ಈ ಪುಸ್ತಕವನ್ನು ಎರಡು ಸಲ ಓದಿದ್ದೇನೆ. ಎಷ್ಟೋ ಕಡೆ ಅರ್ಥವಾಗಲಿಲ್ಲ, ಆದರೂ ಕೈಬಿಡಲು ಮನಸ್ಸಾಗಲಿಲ್ಲ ಎಂದು ಬರೆದಿದ್ದರು. ಆಮೇಲೆ ಒಂದು ಪ್ರಶ್ನೆ. ಮುನ್ನೂರ ನಲವತ್ತನೆಯ ಪುಟದ ಹತ್ತಿರ ತತ್ತ್ವಜ್ಞಾನಿ ಗೆಮ್ಯೂಟ್ ಬಗ್ಗೆ ದೊಡ್ಡ ಮಾತು ಹೇಳಿ ಮುಗಿಸಿ, ಮುಂದಿನ ಸಾಲಿನಲ್ಲಿ ‘ಆದ್ದರಿಂದ ಅತಿ ಸಣ್ಣ ಸಂಗತಿಗಳೇ’ ಎಂದು ಶುರು ಮಾಡುತ್ತಾನಲ್ಲ, ಯಾವ ಸಣ್ಣ ಸಂಗತಿಗಳು? ನಡುವೆ ಏನೋ ಬಿಟ್ಟುಹೋದ ಹಾಗಿದೆ. ಅಚ್ಚಿನಲ್ಲಿ ಒಂದು ವಾಕ್ಯ ತಪ್ಪಿದೆಯೆ?

ತಂಗಿ ಪತ್ರವನ್ನು ಗಟ್ಟಿಯಾಗಿ ಓದಿ ನಿಲ್ಲಿಸಿದಳು. ನಲ್ಲಿಯ ವಾಕ್ಯ ಇದ್ದದ್ದು ಸರಿಯಾಗಿ ಅದೇ ಜಾಗದಲ್ಲಿ.

‘ಇನ್ನೊಂದ್ಸಲ ಓದು’ ಎಂದ ಅಣ್ಣ. ಓದಿದಳು. ‘ಜಾಣೆ’ ಎಂದ. ‘ನಮ್ಮ ವಿಮರ್ಶಕನಿಗೆ ಕಾಣದ್ದು ಈಕೆಗೆ ಕಂಡಿದೆ.’

‘ಅಣ್ಣ, ಇವರಿಗಾದ್ರೂ ಆ ವಾಕ್ಯ ಬರೆದು ಕಳಿಸೋಣ. ಅಜ್ಜಂದಲ್ಲ, ನಿಂದು ಅಂತಾನೇ ಬರೀತೀನಿ. ಇದರಲ್ಲಿ ಮೋಸ ಏನಿದೆ?’ ಅವನು ಹೂಂ ಎನ್ನಲಿ ಎಂದು ಅವಳು ಅಷ್ಟು ಆಸೆಪಟ್ಟದ್ದು ಬೇರೆ ಯಾವುದಕ್ಕೂ ಇಲ್ಲ.

ಅಣ್ಣ ಪತ್ರ ಈಸಿಕೊಂಡು ಆ ಪ್ರಶ್ನೆಯನ್ನು ತಾನೇ ಓದಿಕೊಂಡ. ಕೊನೆಗೆ ಹೇಳಿದ, ‘ಅವರು ಕೇಳಿದ್ದು ಅಜ್ಜನ್ನ. ನನ್ನನ್ನಲ್ಲ. ಅಜ್ಜ ಅಲ್ಲಿ ಹಾರಿದಾನೆ. ಯಾಕೆ ಹಾರಿದ ಅಂತ ಅವರೇ ಯೋಚನೆ ಮಾಡ್ಲಿ. ಆರು ವರ್ಷ ಗಂಡನ ಪಕ್ಕ ಕೂತವರಿಗೆ ಸಣ್ಣ ಸಂಗತಿ ಯಾವುದು ಅಂತ ನಾನು ಹೇಳಿಕೊಡಬೇಕಾ? ಬರ್ಕೋ.’

ಅವನು ಹೇಳಿದ, ಅವಳು ಬರೆದುಕೊಂಡಳು. ಮೂಲದಲ್ಲಿ ಹಾಗೆಯೇ ಇದೆ, ಏನೂ ಬಿಟ್ಟುಹೋಗಿಲ್ಲ. ನೀವು ನಿಂತ ಜಾಗದಲ್ಲಿ ನಾವೂ ನಿಂತಿದ್ದೆವು. ಅಷ್ಟೇ ಪತ್ರ. ಮಡಚುವ ಹೊತ್ತಿಗೆ ಅಣ್ಣ ಕೈ ಎತ್ತಿದ.

‘ಕೆಳಗೆ ಒಂದು ಸಾಲು ಸೇರಿಸು. ಅವರ ಯಜಮಾನರು ಹೇಗಿದಾರೆ ಅಂತ ಕೇಳು. ಆಕೆ ಊಟಕ್ಕೆ ಏಳೋಕೆ ಯಾರಾದ್ರೂ ಹೊತ್ತಿಗೆ ಸರಿಯಾಗಿ ಬಂದು ಗಂಡನ ಪಕ್ಕ ಕೂರ್ತಾರಾ ಅಂತ ಕೇಳು.’

ಅವಳು ಮರುದಿನ ಅಂಚೆಗೆ ಹಾಕಿದಳು.

ಎರಡು ತಿಂಗಳ ಮೇಲೆ, ಒಂದು ಮಧ್ಯಾಹ್ನ, ಅಣ್ಣ ಕುರ್ಚಿಯಲ್ಲಿ ಕೂತಲ್ಲೇ ತೀರಿಕೊಂಡ. ತಂಗಿ ಪ್ರೆಸ್ಸಿನಲ್ಲಿದ್ದಳು. ಪಕ್ಕದ ಮನೆಯವರು ಫೋನು ಮಾಡಿದರು. ಅವಳು ಬಂದು ನೋಡಿದಾಗ ಮುಖದಲ್ಲಿ ನೋವೇನೂ ಕಾಣಲಿಲ್ಲ. ಪಾಠ ಮುಗಿಸಿ ಗಂಟೆ ಹೊಡೆಯಲಿ ಎಂದು ಕಾಯುವವನ ಹಾಗೆ ಇದ್ದ. ಹಳೆಯ ವಿದ್ಯಾರ್ಥಿಗಳು ಹತ್ತು ಹನ್ನೆರಡು ಜನ ಬಂದರು. ಪ್ರಕಾಶಕರೂ ಬಂದು, ಏನು ಹೇಳಬೇಕೋ ತಿಳಿಯದೆ, ಪದಸೂಚಿ ಬಹಳ ಚೆನ್ನಾಗಿತ್ತು ಎಂದು ಹೇಳಿ ಹೋದರು.

ಆಮೇಲೆ ಆ ಹೆಂಗಸಿನ ಉತ್ತರ ಬಂತು. ಗಂಡ ಹಾಗೆಯೇ ಇದ್ದಾರೆ, ತಾನು ಊಟಕ್ಕೆ ಎದ್ದಾಗ ಪಕ್ಕ ಕೂರಲು ನಾದಿನಿ ಬರುತ್ತಾಳೆ, ಕೇಳಿದ್ದಕ್ಕೆ ಸಂತೋಷವಾಯಿತು ಎಂದು. ತಂಗಿ ಅಣ್ಣ ಹೋದ ಸುದ್ದಿ ಬರೆದಳು. ಪತ್ರವ್ಯವಹಾರ ಅಲ್ಲಿಗೆ ನಿಂತಿತು.

ಅವಳು ಈಗಲೂ ಪ್ರೆಸ್ಸಿಗೆ ಹೋಗುತ್ತಾಳೆ. ಬಾಡಿಗೆ ಕಾಯ್ದೆ, ವಾಹನ ಕಾಯ್ದೆ, ತಿದ್ದುಪಡಿಯ ಮೇಲೆ ತಿದ್ದುಪಡಿ. ಅಂಚಿನಲ್ಲಿ ಬಾಲದ ಗುಂಡು ಎಳೆಯುವಾಗ ಕೆಲವು ಸಲ ಕೈ ತಡೆಯುತ್ತದೆ. ಅವತ್ತು ಬೇಡ ಎಂದದ್ದು ಸರಿ ಎಂದೇ ಅವಳ ಲೆಕ್ಕ. ಎಷ್ಟು ಸಲ ತಿರುಗಿಸಿ ನೋಡಿದರೂ ಅದರಲ್ಲಿ ತಪ್ಪು ಸಿಗುವುದಿಲ್ಲ. ಆದರೆ ಅಣ್ಣ ಬದುಕಿನಲ್ಲಿ ಅವಳನ್ನು ತನಗಾಗಿ ಏನಾದರೂ ಬೇಡಿದ್ದು ಅದೊಂದು ಸಲ. ತಲೆ ಎತ್ತಿ, ಅವನ ಮುಖ ನೋಡಿ, ಅರೆಗಳಿಗೆ ತಡೆದು ಅದನ್ನೇ ಹೇಳಬಹುದಿತ್ತು.